ಬಾಲವಿಲ್ಲದ ಮೌಸ್

ಕಪ್ಪು ಡಬ್ಬಿಯನ್ನು ಅವನು ಎರಡು ಕೈಯಲ್ಲಿ ಹಿಡಿದು ತಂದು ರಿಪೇರಿ ಮೇಜಿನ ಮೇಲೆ ಇಟ್ಟ ರೀತಿ ನೋಡಿಯೇ ಅವಳಿಗೆ ಮೈ ಉರಿಯಿತು. ಹಸುಗೂಸನ್ನು ಕೂಡ ಯಾರೂ ಅಷ್ಟು ಹುಷಾರಾಗಿ ಮಲಗಿಸುವುದಿಲ್ಲ.

“ಏನು ಕಾಯಿಲೆ ಇದಕ್ಕೆ?” ಅಂದಳು, ಕಣ್ಣೆತ್ತದೆ.

“ಒಂದು ಸಲ ಒತ್ತಿದ್ರೆ ಎರಡು ಸಲ ಒತ್ತಿದ ಹಾಗೆ ತಗೊಳ್ಳುತ್ತೆ.”

“ಬಾಲ ಇಲ್ವಲ್ಲ, ದಿಕ್ಕು ತಪ್ಪಿರುತ್ತೆ.”

ಅದು ಕಂಪ್ಯೂಟರ್ ಸಾಮಾನಿನ ಅಂಗಡಿ. ಮುಂದೆ ಕೂತು ಮಾರುವವರು ಅವಳ ದೊಡ್ಡಪ್ಪ. ಒಳಗಿನ ಮೇಜಿನಲ್ಲಿ ಕೂತು ಮೌಸು, ಕೀಬೋರ್ಡುಗಳ ಹೊಟ್ಟೆ ಬಗೆದು ರಿಪೇರಿ ಮಾಡುವವಳು ಅವಳು. ತಂತಿಯ ಬಾಲವಿಲ್ಲದ ವೈರ್‌ಲೆಸ್ ಮೌಸ್ ಕಂಡರೆ ಅವಳಿಗಾಗದು ಎಂಬುದು ಆ ಬೀದಿಗೆಲ್ಲ ಗೊತ್ತಿದ್ದ ಮಾತು. “ಆಫೀಸಲ್ಲಿ ಹಾಳೆ ಮೇಲೆ ಕೆಳಗೆ ಸರಿಸೋಕೆ ಸಾಕು. ನಿಜವಾಗಿ ಆಟ ಆಡೋರಾದ್ರೆ ತಂತಿದು ತಗೊಂಡು ಹೋಗಿ” ಎಂದು ಬಂದವರಿಗೆಲ್ಲ ಹೇಳಿ ಹೇಳಿ, ದೊಡ್ಡಪ್ಪ ಆಸೆಪಟ್ಟು ತರಿಸಿದ್ದ ದುಬಾರಿ ಮಾಲೆಲ್ಲ ಕಪಾಟಿನಲ್ಲೇ ಧೂಳು ಕುಡಿಯುವಂತೆ ಮಾಡಿದ್ದಳು.

ಈಗ ಕಣ್ಣೆತ್ತಿದಳು. ಎದುರಿಗಿದ್ದವನು ಎಡಚ. ಆಟ ಆಡುವವರೆಲ್ಲ ಅವನನ್ನು ಕರೆಯುವುದೇ ಹಾಗೆ. ಮೌಸ್ ಹಿಡಿಯುವುದು ಎಡಗೈಯಲ್ಲಿ. ಈ ತಿಂಗಳಲ್ಲಿ ಅವನು ಬಂದದ್ದು ಇದು ಮೂರನೇ ಸಲ. ಮೊದಲ ಸಲ ಕೀಬೋರ್ಡಿನ ಒಂದು ಕೀ ಕಿತ್ತುಹೋಗಿತ್ತು. ಎರಡನೇ ಸಲ ಹೆಡ್‌ಫೋನ್ ಒಂದು ಕಿವಿಗೆ ಕೇಳುತ್ತಿರಲಿಲ್ಲ. ಎರಡು ಸಲವೂ ಅವಳು ರಿಪೇರಿ ಮಾಡಿ, ಮುಖ ನೋಡದೆ ಕೈಗಿಟ್ಟು ಕಳಿಸಿದ್ದಳು.

ಮುಖ ನೋಡದಿರಲು ಕಾರಣವಿತ್ತು. ಆರು ವರ್ಷದ ಹಿಂದೆ, ಬೀದಿ ತುದಿಯ ಗೇಮಿಂಗ್ ಸೆಂಟರಿನಲ್ಲಿ ನಡೆದ ಪಂದ್ಯದ ಫೈನಲ್‌ನಲ್ಲಿ ಅವಳನ್ನು ಸೋಲಿಸಿದವನು ಇವನೇ. ಇಬ್ಬರೇ ಎದುರುಬದುರಾಗಿ ಗುಂಡು ಹಾರಿಸುವ ಆಟ. ಮೊದಲು ಹದಿನೈದು ಸಲ ಹೊಡೆದವರದು ಗೆಲುವು. ಅವಳು ಹನ್ನೊಂದಕ್ಕೆ ನಾಲ್ಕರಲ್ಲಿ ಮುಂದಿದ್ದಳು. ಆಮೇಲೆ ಅವಳ ಹೊಸ ವೈರ್‌ಲೆಸ್ ಮೌಸ್ ಜೀವ ಬಿಡತೊಡಗಿತು. ಕೈ ಹೋದಲ್ಲಿಗೆ ಗುರಿ ಹೋಗದು; ಹೋದರೆ ಒಮ್ಮೆಗೇ ಹಾರಿ ಗೋಡೆಗೆ ಬಡಿಯುವುದು. ಸೋತಳು. ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಅಂದು ಎದ್ದು ಬಂದವಳು ಮತ್ತೆ ಆಡಲಿಲ್ಲ.

ಡಬ್ಬಿ ತೆರೆದಳು. ಮುಚ್ಚಳ ಅಯಸ್ಕಾಂತದಿಂದ ಅಂಟಿಕೊಳ್ಳುವಂಥದ್ದು.

“ಮೌಸ್ ಇಡೋಕೆ ಇಷ್ಟು ಚೆಂದದ ಪೆಟ್ಟಿಗೆ! ಒಳಗಿರೋದು ಕೆಲಸ ಮಾಡ್ದೇ ಇದ್ರೂ ಪೆಟ್ಟಿಗೆಯಲ್ಲಿ ಗುಂಡುಸೂಜಿ ಹಾಕಿಡಬಹುದು.”

“ತೂಕ ನೋಡಿ ಮೇಡಂ. ಅರವತ್ತೇ ಗ್ರಾಂ.”

“ತರಕಾರಿ ಥರ ತೂಗಿ ತಂದಿದ್ದೀರಾ?”

“ಸೆನ್ಸರ್ ಕೂಡ...”

“ಗೊತ್ತು, ಇಪ್ಪತ್ತಾರು ಸಾವಿರ ಡಿಪಿಐ. ಅಷ್ಟು ವೇಗಕ್ಕಿಟ್ಟು ಆಡೋನು ಭೂಮಿ ಮೇಲೆ ಹುಟ್ಟಿಲ್ಲ. ಕೆಮ್ಮಿದ್ರೆ ಗುರಿ ಮೂರು ಸುತ್ತು ಸುತ್ತುತ್ತೆ.”

ಅವನು ನಕ್ಕ. ನಕ್ಕಾಗ ಅವನ ಎಡ ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎಂಬುದನ್ನು ಅವಳು ಗಮನಿಸಿದಳು; ಗಮನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದಳು.

ಗುಂಡಿಯನ್ನು ಐವತ್ತು ಸಲ ಒತ್ತಿ ನೋಡಿದಳು. ಐವತ್ತಕ್ಕೆ ಐವತ್ತೇ ಬಂತು.

“ಇದಕ್ಕೇನೂ ಆಗಿಲ್ಲ. ಯಾಕ್ರೀ ಬಂದ್ರಿ?”

ಅವನ ಕಿವಿ ಕೆಂಪಾಯಿತು. “ಭಾನುವಾರ ಸೆಂಟರಲ್ಲಿ ಪಂದ್ಯ ಇದೆ. ಇವತ್ತು ಸಂಜೆ ಆರಕ್ಕೆ ಹೆಸರು ತಗೊಳ್ಳೋದು ನಿಲ್ಲಿಸ್ತಾರೆ. ನೀವು ಬರಬೇಕು.”

“ಅವತ್ತು ನಕ್ಕಿದ್ದು ಸಾಲಲಿಲ್ವಾ?”

“ಅವತ್ತು ನಾನು ನಗಲಿಲ್ಲ.”

“ಗೆದ್ದವರು ನಗದಿದ್ರೆ ಅದು ಇನ್ನೂ ದೊಡ್ಡ ಅವಮಾನ.”

ಹೊರಗಿನಿಂದ ದೊಡ್ಡಪ್ಪನ ದನಿ ಬಂತು. “ಪುಟ್ಟೀ, ಗಿರಾಕಿ ಹತ್ರ ಜಗಳ ಆಡೋದಾದ್ರೆ ಸ್ವಲ್ಪ ಜೋರಾಗಿ ಆಡು. ನಂಗೆ ಅರ್ಧಂಬರ್ಧ ಕೇಳಿಸ್ತಿದೆ.”

ಅವಳು ತುಟಿ ಕಚ್ಚಿದಳು. ಅವನು ಮುಂಗೈಯಿಂದ ಬಾಯಿ ಮುಚ್ಚಿಕೊಂಡ. ಒಂದು ಗಳಿಗೆ ಇಬ್ಬರ ಕಣ್ಣೂ ಕೂಡಿದವು. ಮೊದಲು ತಪ್ಪಿಸಿದವಳು ಅವಳು.

“ತೋರಿಸ್ತೀನಿ ನೋಡಿ, ನಿಮ್ಮ ರಾಜಕುಮಾರನ ಯೋಗ್ಯತೆ” ಎಂದು ಎದ್ದಳು. ಅಂಗಡಿಗೆ ಬಂದ ಪ್ರತಿ ಮೌಸಿಗೂ ಅವಳದ್ದೊಂದು ಪರೀಕ್ಷೆಯಿತ್ತು. ಪರದೆಯ ಮೇಲೆ ಬೇಗಬೇಗ ದೊಡ್ಡ ದೊಡ್ಡ ವೃತ್ತ ಬರೆಯುವುದು. ತಂತಿಯ ಮೌಸ್ ಬಳೆಯಂಥ ಗೆರೆ ಬರೆಯುತ್ತದೆ; ವೈರ್‌ಲೆಸ್ ಆದರೆ ನಡುನಡುವೆ ಮುರಿಯುತ್ತದೆ. ಆರು ವರ್ಷದಲ್ಲಿ ಈ ಮೇಜಿನ ಮೇಲೆ ಒಂದೂ ಪಾಸಾಗಿರಲಿಲ್ಲ.

ಮೌಸಿನ ಸಂಕೇತ ಹಿಡಿಯುವ, ಉಗುರಿನಷ್ಟೇ ಪುಟ್ಟ ರಿಸೀವರನ್ನು ತೆಗೆದು, ಮೇಜಿನ ಕೆಳಗೆ ಬಗ್ಗಿ, ಕಂಪ್ಯೂಟರಿನ ಬೆನ್ನಿಗೆ ಚುಚ್ಚಿ ಬಂದಳು. ವೃತ್ತ ಬರೆದಳು. ಮುರಿಯಿತು. ಇನ್ನೊಂದು. ಅದೂ ಮುರಿಯಿತು.

“ಇದಾ ಆಡೋ ಮೌಸು? ಇಷ್ಟು ದುಡ್ಡು ಸುರಿದು ತಂದಿದ್ದು ಇದನ್ನಾ?” ಆ ದನಿಯಲ್ಲಿದ್ದ ಸಂತೋಷ ಅವಳಿಗೂ ಕೇಳಿಸಿತು.

ಅವನು ಪರದೆ ನೋಡಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದ. ಹಾಗೆ ಬಗ್ಗಿದ್ದಾಗಲೇ ಬಾಯಿಂದ ಮಾತು ಜಾರಿತು.

“ಈಗಲೂ ಹಿಂದೇನೇ ಚುಚ್ತೀರಾ?”

ಅವಳ ಕೈ ನಿಂತಿತು.

“ಈಗಲೂ ಅಂದ್ರೆ?”

ಅವನು ಎದ್ದ. ನಾಲಿಗೆ ಕಚ್ಚಿಕೊಂಡಂತಿತ್ತು ಮುಖ. ಅವಳ ಸಾಮಾನಿನ ಪೆಟ್ಟಿಗೆಯಿಂದ ಎರಡು ಮೊಳದ ಎಕ್ಸ್‌ಟೆನ್ಷನ್ ವೈರ್ ಹುಡುಕಿ ತೆಗೆದ. ರಿಸೀವರನ್ನು ಕಿತ್ತು ಅದರ ತುದಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಂಪ್ಯೂಟರಿನ ಮುಂಭಾಗಕ್ಕೆ ಹಾಕಿ, ಮೌಸಿನ ಮಗ್ಗುಲಲ್ಲೇ ತಂದಿಟ್ಟ.

“ಬರೀರಿ.”

ಬರೆದಳು. ವೃತ್ತ ಎಲ್ಲೂ ಮುರಿಯಲಿಲ್ಲ. ಇನ್ನೂ ಜೋರಾಗಿ ಬರೆದಳು. ಸಿಟ್ಟಿನಿಂದ ಬರೆದಳು. ಹತ್ತು ಬಳೆಗಳು ಒಂದರೊಳಗೊಂದು ನಿಂತವು.

“ಹಿಂದೆ ಚುಚ್ಚಿದ್ರೆ ನಡುವೆ ತಗಡಿನ ಪೆಟ್ಟಿಗೆ ಅಡ್ಡ ಬರುತ್ತೆ” ಎಂದ ಮೆಲ್ಲಗೆ. “ಅಲ್ಲೇ ಪಕ್ಕದಲ್ಲಿ ಹಾರ್ಡ್‌ಡಿಸ್ಕ್, ವೈಫೈ ಎಲ್ಲ ಇರುತ್ತೆ. ಅವುಗಳ ಗಲಾಟೆಯಲ್ಲಿ ಪಾಪ ಮೌಸಿನ ಮಾತು ರಿಸೀವರಿಗೆ ಕೇಳಲ್ಲ. ಅವತ್ತು ಜನ ಸೇರಿ ಫೋನುಗಳೂ ಹೆಚ್ಚಾದಾಗ ಪೂರ್ತಿ ಕಿವುಡಾಗಿರಬೇಕು. ಅವತ್ತು ನೀವು ಎದ್ದು ಹೋದ ಮೇಲೆ ವೈರ್ ಸುತ್ತಿಡೋಕೆ ಬಗ್ಗಿದ್ದೆ. ನಿಮ್ಮ ರಿಸೀವರ್ ಕಂಪ್ಯೂಟರಿನ ಹಿಂದೆ ಹಾಗೇ ಉಳಿದಿತ್ತು.”

ಎಷ್ಟು ಜನರ ಮೌಸನ್ನು ಅವಳು ಈ ಮೇಜಿನ ಮೇಲೆ ಹೀಯಾಳಿಸಿ ಕಳಿಸಿದ್ದಳು! ತಂತಿಯದನ್ನು ಹಿಂದೆ ಚುಚ್ಚುವ ಹಳೆಯ ರೂಢಿ. ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಎಲ್ಲರ ತಪ್ಪು ಎತ್ತಿ ಆಡಿದವಳು ತಾನೇ ತಪ್ಪಿದ್ದಳು.  ಮೌಸನ್ನು ಪಕ್ಕಕ್ಕೆ ತಳ್ಳಿ ಅವನ ಕಡೆ ತಿರುಗಿದಳು.

“ಆರು ವರ್ಷ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಹೌದು.”

“ಯಾಕೆ?”

“ಹೇಳಿದ್ರೆ ನನ್ನ ಗೆಲುವು ಗೆಲುವಾಗಿ ಉಳೀತಿರಲಿಲ್ಲ. ಆಗ ನಂಗೆ ಅದೊಂದೇ ಇದ್ದಿದ್ದು. ಆಮೇಲೆ ಅದನ್ನ ನೋಡಿದ್ರೇನೇ ಅಸಹ್ಯ ಆಗೋದು. ಅಷ್ಟೊತ್ತಿಗೆ ಹೇಳೋ ಮುಖ ಇರಲಿಲ್ಲ. ಕೀಬೋರ್ಡಿನ ಕೀ ನಾನೇ ಕಿತ್ತಿದ್ದು. ಹೆಡ್‌ಫೋನೂ ನಾನೇ. ಬಂದು ಹೇಳಬೇಕು ಅಂತಾನೇ ಬರ್ತಿದ್ದೆ, ನಿಮ್ಮನ್ನ ನೋಡ್ಕೊಂಡು ವಾಪಸ್ ಹೋಗ್ತಿದ್ದೆ.”

“ಹೇಡಿ.”

“ಹೌದು.”

“ಹೌದು ಹೌದು ಅನ್ಬೇಡಿ. ಬಯ್ಯೋಕೂ ಬಿಡಲ್ವಲ್ಲ!”

ಅವನು ಮೌಸನ್ನು ಅವಳ ಕಡೆಗೆ ಸರಿಸಿದ. “ಇದು ಎರಡೂ ಕೈಗೆ ಆಗುತ್ತೆ. ನೀವಿಟ್ಕೊಳ್ಳಿ. ನಾನು ಅವತ್ತಿನ ತಂತಿದರಲ್ಲೇ ಆಡ್ತೀನಿ.” ಅಷ್ಟು ಹೇಳಿ, ಖಾಲಿ ಕೈಯಲ್ಲಿ ಹೊರಟುಹೋದ.

ಅವಳು ಬಹಳ ಹೊತ್ತು ವೃತ್ತಗಳನ್ನೇ ನೋಡುತ್ತ ಕೂತಳು. ಆಡದೆ ಉಳಿದರೆ ಅಂದಿನ ಸೋಲು ಹಾಗೇ ಉಳಿಯುತ್ತದೆ. ಆಡಿ ಸೋತರೆ ಬಯ್ಯಲು ಇನ್ನು ಯಾವ ಮೌಸೂ ಇಲ್ಲ. ಆ ಎರಡನೆಯದೇ ಹೆಚ್ಚು ಹೆದರಿಸಿತು. ಆರಕ್ಕೆ ಕಾಲು ಗಂಟೆ ಇರುವಾಗ ಚಪ್ಪಲಿ ಮೆಟ್ಟಿದಳು. “ಎಲ್ಲಿಗೆ?” ಎಂದರು ದೊಡ್ಡಪ್ಪ. “ಒಬ್ಬನ ಮುಖಕ್ಕೆ ಮಂಗಳಾರತಿ ಎತ್ತೋಕೆ” ಎಂದಳು. ಸೆಂಟರಿನಲ್ಲಿ ಹೆಸರು ಬರೆಸಿ, “ಮೊದಲನೇ ಸುತ್ತಲ್ಲೇ ಎಡಚನ ಎದುರಿಗೆ ಹಾಕಿ” ಎಂದು ನಿಂತು ಹಾಕಿಸಿಯೇ ಬಂದಳು.

ಭಾನುವಾರ ಮಧ್ಯಾಹ್ನ ಅವಳು ಆಡಿದಳು. ಮೌಸು ಒಮ್ಮೆಯೂ ತಡವರಿಸಲಿಲ್ಲ. ಕೈಯಲ್ಲಿ ಏನೋ ಇದೆ ಎಂಬುದೇ ಮರೆತುಹೋಗಿತ್ತು. ತಡವರಿಸಿದ್ದು ಬೆರಳು. ಆರು ವರ್ಷದ ತುಕ್ಕು ಎರಡು ದಿನದಲ್ಲಿ ಬಿಡುತ್ತದೆಯೇ? ಅವನು ಕನಿಕರ ತೋರಿಸಲಿಲ್ಲ, ಒಂದು ಗುಂಡನ್ನೂ ಬೇಕೆಂದು ತಪ್ಪಿಸಲಿಲ್ಲ. ಹದಿನೈದಕ್ಕೆ ಹನ್ನೆರಡರಲ್ಲಿ ಅವಳು ಸೋತಳು.

ಅವನು ಮೇಜು ಸುತ್ತಿ ಬಂದು ನಿಂತ. 

“ಕೊನೇದು ನಾನೇ ಅವಸರ ಮಾಡಿದ್ದು” ಎಂದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. “ಮೌಸ್ ಚೆನ್ನಾಗೇ ಇದೆ. ನೀವೂ ಸುಮಾರಾಗಿ ಆಡ್ತೀರ.”

“ಸುಮಾರಾಗಿನಾ?”

“ಅಷ್ಟಕ್ಕೇ ಬೀಗಬೇಡಿ. ಬಚ್ಚಿಟ್ಟಿದ್ದು ಇನ್ನೇನಾದ್ರೂ ಇದ್ರೆ ಈಗಲೇ ಹೇಳಿಬಿಡಿ. ಇನ್ನೂ ಆರು ವರ್ಷ ಕಾಯೋಕೆ ನನ್ನ ಕೈಲಾಗಲ್ಲ.”

ಹೇಳಬೇಕಾದದ್ದನ್ನು ಅವನು ಹೇಳಿದ, ಗೆದ್ದವನಂತಲ್ಲ, ಪೂರಾ ತೊದಲುತ್ತ. ಕೇಳಿ ಅವಳು ಮೂಗು ಮುರಿದಳು.

“ಇಷ್ಟೇನಾ? ಇದಂತೂ ಹೆಡ್‌ಫೋನ್ ತಂದಾಗಲೇ ನಂಗೆ ಗೊತ್ತಿತ್ತು. ನಿಮ್ಮ ಮುಂದಿನ ಸುತ್ತಿಗೆ ಇನ್ನೂ ಹೊತ್ತಿದೆ, ಬನ್ನಿ” ಎಂದು, ಅವನ ಎಡಗೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ನಡೆದಳು.