ಬೀಸುವ ಕಲ್ಲಿನ ಪ್ರಶ್ನೆ

ರಾಗಿ ಬೀಸುತ್ತಿದ್ದೆ. ಇನ್ನೂ ಅರ್ಧ ಸೇರು ಉಳಿದಿತ್ತು, ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಶಾಲೆಯ ಮರುಳಸಿದ್ದಪ್ಪ ಮೇಷ್ಟ್ರು. ಕೈಯಲ್ಲಿ ನನ್ನ ಮಗಳ ಸ್ಲೇಟು.

"ಮುದ್ದಿ ಏನಾದ್ರೂ ತಪ್ಪು ಮಾಡಿದ್ಲಾ ಮೇಷ್ಟ್ರೇ?"

"ಅವಳಲ್ಲ. ತಪ್ಪು ಮಾಡಿದವರು ನೀವು."

ಕಲ್ಲಿನ ಗೂಟ ಬಿಟ್ಟು ಎದ್ದು ನಿಂತೆ. ಅವರ ಮೀಸೆಯಡಿ ಮಾತ್ರ ನಗು ಅಡಗಿತ್ತು.

ನಮ್ಮ ಶಿರಂಗಾಲದ ಶಾಲೆಗೆ ಬಂದಾಗಿನಿಂದ ಅವರು ಪಾಠವನ್ನೆಲ್ಲ ಪಂದ್ಯವಾಗಿಸಿದ್ದರು. ಶುಕ್ರವಾರ ಬಂತೆಂದರೆ ಮಕ್ಕಳೆಲ್ಲ ಎರಡು ಪಾಲು, ಕಾವೇರಿ ಪಕ್ಷ, ಹಾರಂಗಿ ಪಕ್ಷ. ಉತ್ತರ ಹೇಳಿದವರಿಗಲ್ಲ, ಒಳ್ಳೆಯ ಪ್ರಶ್ನೆ ಕೇಳಿದವರಿಗೆ ಅಂಕ. ಬಾಯಿಬಿಟ್ಟು ಕೇಳಿದರೆ ಒಂದು, ಸ್ಲೇಟಿನಲ್ಲಿ ಬರೆದು ತೋರಿಸಿದರೆ ಅರ್ಧ.

ಆ ಅರ್ಧ ಅಂಕ ಇದ್ದದ್ದೇ ನನ್ನ ಮುದ್ದಿಗಾಗಿ. ಅವಳಪ್ಪ ಚಳಿಜ್ವರದಲ್ಲಿ ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಗಿಣಿಯಂತೆ ಉಲಿಯುವ ಹುಡುಗಿ ಶಾಲೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಅವಳ ಮುಖ ನೋಡಲಾರದೆ ನಾನೇ ಒಂದೊಂದು ಪ್ರಶ್ನೆ ಬರೆದು ಕಳಿಸುತ್ತಿದ್ದೆ.

"ಎಂಟು ವರ್ಷದ ಮಗು ಇದನ್ನ ಕೇಳುತ್ತಾ?" ಎಂದು ಮೇಷ್ಟ್ರು ಸ್ಲೇಟು ಓದಿದರು. "ಬೀಸೋ ಕಲ್ಲಲ್ಲಿ ತಿರುಗೋದು ಮೇಲಿನ ಕಲ್ಲು ಒಂದೇ. ಸವೆಯೋದು ಎರಡೂ. ಯಾಕೆ?"

ನಾಚಿಕೆಯಿಂದ ಸೆರಗಲ್ಲಿ ಕೆನ್ನೆ ಒರೆಸಿಕೊಂಡೆ. ಕೈಯ ಹಿಟ್ಟೆಲ್ಲ ಕೆನ್ನೆಗೇ ಮೆತ್ತಿತು.

"ಉತ್ತರ ಸಿಕ್ತಾ ಮೇಷ್ಟ್ರೇ?"

"ರಾತ್ರಿಯೆಲ್ಲಾ ಯೋಚಿಸಿದೆ ಮಂಗಳಮ್ಮ. ಸುಮ್ಮನೆ ಕೂತವರೂ ಸವೀತಾರೆ ಅಂತ ಕಾಣುತ್ತೆ." ನನ್ನ ಕೆನ್ನೆ ನೋಡಿ, ತಟ್ಟನೆ ಸ್ಲೇಟಿನತ್ತ ಕಣ್ಣು ತಿರುಗಿಸಿದರು.

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಸ್ಲೇಟು ಬರುತ್ತಿತ್ತು, ಹಿಂದೆಯೇ ಮೇಷ್ಟ್ರೂ. ಮಜ್ಜಿಗೆಯಲ್ಲಿ ಹುಟ್ಟಿದ ಬೆಣ್ಣೆ ಮಜ್ಜಿಗೆಯ ಮೇಲೆ ಯಾಕೆ ತೇಲುತ್ತೆ, ಬೂದಿ ಮುಚ್ಚಿದ ಕೆಂಡ ಯಾಕೆ ಆರಲ್ಲ. ನನ್ನ ಪ್ರಶ್ನೆಗಳಿಗೆ ಅವರು ಮೊದಲು ವಿಜ್ಞಾನದ ಉತ್ತರ ಹೇಳುತ್ತಿದ್ದರು. ಆಮೇಲೆ ಇನ್ನೊಂದು ಉತ್ತರ ಇದೆಯೆನ್ನುವಂತೆ ಸುಮ್ಮನಾಗುತ್ತಿದ್ದರು. ಆ ಸುಮ್ಮನಿರುವಿಕೆಗಾಗಿ ನಾನು ವಾರವಿಡೀ ಕಾಯತೊಡಗಿದೆ.

ಒಂದು ಶನಿವಾರ ಅವರ ಮುಖ ಬಾಡಿತ್ತು.

"ತಿತಿಮತಿಗೆ ವರ್ಗ ಆಗಿದೆ. ಬರೋ ಶುಕ್ರವಾರವೇ ಕೊನೇ ಪಂದ್ಯ. ಮನೆಯವರೂ ಬರಬಹುದು." ಹೊಸ್ತಿಲು ದಾಟಿದವರು ನಿಂತರು. "ನನ್ನದೂ ಒಂದು ಪ್ರಶ್ನೆ ಇದೆ ಮಂಗಳಮ್ಮ. ಮಕ್ಕಳಿಗೆ ಬಾಯಿಬಿಟ್ಟು ಕೇಳಿ ಅಂತೀನಿ. ನನಗೇ ಬಾಯಿ ಬರಲ್ಲ."

ಅವರು ಹೋದ ಮೇಲೆ ನಮ್ಮತ್ತೆ ಒಳಗಿನಿಂದಲೇ ಗೊಣಗಿದರು. "ಆ ಮನುಷ್ಯ ವಾರವಾರ ಸ್ಲೇಟು ಹಿಡ್ಕೊಂಡು ಬರ್ತದೆ. ಒಂದು ಸೀರೆ ಹಿಡ್ಕೊಂಡು ಬರಬಾರ್ದಾ?"

"ಅತ್ತೆಮ್ಮಾ!"

"ಯಾಕೆ, ಸೀರೆ ಉಡಿಸಿದ್ರೆ ಬೇಡ ಅಂತೀಯಾ? ನನ್ನ ಮಗನ್ನ ನೆನೆದು ಅಳೋಕೆ ನಾನಿದ್ದೀನಿ. ನೀನು ಕೂತು ಸವೀಬೇಡ."

ನಮ್ಮಲ್ಲಿ ಗಂಡ ಹೋದವಳ ಎರಡನೇ ಮದುವೆಗೆ ಮದುವೆ ಎನ್ನುವುದಿಲ್ಲ, ಸೀರೆ ಉಡಿಕೆ ಎನ್ನುತ್ತಾರೆ. ವಾಲಗವಿಲ್ಲ, ಚಪ್ಪರವಿಲ್ಲ. ಗಂಡು ತಂದ ಸೀರೆಯನ್ನು ಹೆಣ್ಣು ಉಟ್ಟರೆ ಆಯಿತು. ಮುದ್ದಿಗೆ ಇದೆಲ್ಲ ಎಲ್ಲಿ ಗೊತ್ತು? ಅಜ್ಜಿಯ ಪಕ್ಕ ಅವರೆಕಾಯಿ ಸುಲಿಯುತ್ತಾ, ಕಣ್ಣರಳಿಸಿ ಕೇಳಿಸಿಕೊಳ್ಳುತ್ತಿದ್ದಳು.

ಗುರುವಾರ ಸ್ಲೇಟು ಹಿಡಿದು ಕೂತೆ. ಮನಸ್ಸಿನಲ್ಲಿದ್ದದ್ದು ಒಂದೇ ಪ್ರಶ್ನೆ, ಅದನ್ನು ಬರೆಯುವಂತಿರಲಿಲ್ಲ. ಖಾಲಿ ಸ್ಲೇಟನ್ನೇ ಮಗಳ ಚೀಲಕ್ಕಿಟ್ಟೆ.

ಶುಕ್ರವಾರ ಶಾಲೆಯ ಕಿಟಕಿಯ ಹೊರಗೆ ನಾನೂ ಅತ್ತೆಯೂ ನಿಂತಿದ್ದೆವು. ಎರಡು ಪಕ್ಷಕ್ಕೂ ಹನ್ನೊಂದು ಹನ್ನೊಂದು. ಮೇಜಿನ ಮೇಲಿದ್ದ ಮೇಷ್ಟ್ರ ಚೀಲದ ಬಾಯಿಂದ ಹಸಿರು ಸೀರೆಯೊಂದರ ಕೆಂಪಂಚು ಇಣುಕುತ್ತಿತ್ತು. ಅದನ್ನು ನೋಡಿದವಳು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡೆ.

"ಕೊನೇ ಪ್ರಶ್ನೆ, ಕಾವೇರಿ ಪಕ್ಷದ ಮುದ್ದಿ."

ಮುದ್ದಿ ಎದ್ದು ಸ್ಲೇಟು ತೆಗೆದಳು. ಹಿಂದೆ ಮುಂದೆ ತಿರುಗಿಸಿದಳು. ಏನೂ ಇಲ್ಲ. ಕಿಟಕಿಯತ್ತ ನೋಡಿದಳು.

"ಮುದ್ದಿ, ಅವಸರ ಇಲ್ಲ ಮಗಾ," ಎಂದರು ಮೇಷ್ಟ್ರು ಮೆಲ್ಲಗೆ.

ಅವಳು ಸ್ಲೇಟನ್ನು ಬೆಂಚಿನ ಮೇಲಿಟ್ಟು, ಲಂಗ ಸರಿ ಮಾಡಿಕೊಂಡು, ಇಡೀ ಶಾಲೆಗೆ ಕೇಳುವ ಹಾಗೆ ಬಾಯಿಬಿಟ್ಟಳು.

"ಮೇಷ್ಟ್ರೇ, ನಮ್ಮವ್ವಂಗೆ ಸೀರೆ ಉಡಿಸೋಕೆ ನಿಮಗೆ ಬರುತ್ತಾ, ಇಲ್ಲಾ ನಾನು ಹೇಳಿಕೊಡ್ಲಾ?"