ಎಡಹುರಿ

"ಎಡಗೈಲಿ ನೀರು ಹೊಯ್ದ ತೋಟ ಕಣೇ, ನಿಂಗೆಲ್ಲಿ ದಕ್ಕೀತು?" ಎಂದು ಭಾವ ಶಿವಮೂರ್ತಪ್ಪ ಜಗಲಿಯ ಮೇಲೆ ಕೂತು ನಕ್ಕಿದ್ದ. ಪಡಿತರ ಚೀಟಿಗೆ ಅಂತ ತೀರ್ಥಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು, ತೀರಿಕೊಂಡ ಅವಳ ಗಂಡ ಬಿಟ್ಟುಹೋದ ತೆಂಗಿನ ತೋಟವನ್ನು ಅವನು ತನ್ನ ಖಾತೆಗೆ ಮಾಡಿಸಿಕೊಂಡಾಗಿತ್ತು. ಆ ಸಸಿಗಳಿಗೆ ಏಳು ಬೇಸಿಗೆ ಬಿಂದಿಗೆ ಹೊತ್ತವಳು ಅವಳು. ಎಡಗೈಯವಳೆಂಬ ಮಾತು ಅತ್ತೆಯ ಕಾಲದಿಂದ ಕೇಳಿ ಸವೆದಿತ್ತು. ನಗು ಮಾತ್ರ ಸವೆಯಲಿಲ್ಲ.

ತೋಟ ಬರುವುದಿಲ್ಲ, ಸರಿ. ಅವಳ ಮರದ ಕೊಬ್ಬರಿ ಅವನಿಗೂ ದಕ್ಕಬಾರದು. ವರ್ಷವಿಡೀ ಒಣಗಿದ ಕಾಯಿಗಳು ಭಾವನ ಹಿತ್ತಿಲ ಕೊಟ್ಟಿಗೆಯ ಅಟ್ಟದಲ್ಲಿದ್ದವು. ಮುಂದಿನ ವಾರ ಕಡೂರಿನ ಮಂಡಿಗೆ ಹೊರಡಲಿದ್ದವು.

ಬೀಡಿ ಹಚ್ಚಿಕೊಳ್ಳಲೆಂದು ಅಂಗಡಿಯ ಮುಂದೆ ತೂಗುಬಿಟ್ಟ ನಾರಿನ ಹಗ್ಗ ಉರಿಯದೆ, ಆರದೆ, ಎಷ್ಟು ನಿಧಾನವಾಗಿ ಸುಡುತ್ತ ಹೋಗುತ್ತದೆಂದು ಅವಳು ನೋಡಿದ್ದಳು. ಒಲೆಯ ಬಳಿ ಅಳೆದಳು: ಗೇಣಿಗೆ ಒಂದು ಗಂಟೆ. ನಾಲ್ಕು ಗೇಣು ಸಾಕು. ಕೊಂಡರೆ ಅಂಗಡಿಯವನಿಗೆ ನೆನಪಿರುತ್ತದೆ. ಬಾಗಿಲು ಹಾಕಿಕೊಂಡು ತಾನೇ ಹೊಸೆದಳು. ಹೊಸೆಯುವಾಗ ಒಂದೊಂದು ಎಳೆಗೂ ಅವನ ಕತ್ತು ತಿರುಚಿದಷ್ಟು ಹಿತವಾಯಿತು.

ಸಂತೆಯ ದಿನ ಎತ್ತುಗಳು ಹೊಲಕ್ಕೆ ಹೋದ ಮೇಲೆ ಹಗ್ಗದ ಒಂದು ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದಳು, ಇನ್ನೊಂದನ್ನು ಅಟ್ಟದ ಒಣಸಿಪ್ಪೆಯೊಳಗೆ ತುರುಕಿದಳು, ಗಂಟಿಗಿಂತ ತುಸು ಮೇಲೆ ಕಿಡಿ ಮುಟ್ಟಿಸಿದಳು. ಗಂಟು ಉಳಿದರೆ ಉಳಿಯಲಿ. ನಾರಿನ ಹಗ್ಗ ಯಾರ ಮನೆಯಲ್ಲಿಲ್ಲ?

ಎಂಟರ ಬಸ್ಸಿಗೆ ಕಡೂರು. ಸಂತೆಯಲ್ಲಿ ಒಂದು ಕುಡುಗೋಲಿಗೆ ಅಷ್ಟೊಂದು ಜಗಳ ತೆಗೆದಳು.

"ಏನಮ್ಮಾ, ಬೆಳಗಿಂದ ಇದೊಂದನ್ನೇ ಹಿಡ್ಕೊಂಡು ನಿಂತಿದೀಯ!" ಎಂದು ಕಮ್ಮಾರ ಬೀರಪ್ಪ ರೇಗಿದ.

"ನಿಂತೀನಿ ಕಣಪ್ಪಾ. ನನ್ನ ಮುಖ ಚೆನ್ನಾಗಿ ನೋಡ್ಕೊ, ನಾಳೆ ಇದು ಮುರಿದ್ರೆ ಮತ್ತೆ ಬತ್ತೀನಿ."

ಸುತ್ತಲಿದ್ದವರು ನಕ್ಕರು. ಎಲ್ಲರಿಗೂ ನೆನಪಿರುತ್ತದೆ.

ಸಂಜೆ ಬಸ್ಸಿಳಿದಾಗ ಕೊಟ್ಟಿಗೆಯ ಮೇಲೆ ಸೂರಿರಲಿಲ್ಲ. ಎಣ್ಣೆ ಸುಟ್ಟ ಕಮಟು ಊರೆಲ್ಲ. "ಅಯ್ಯೋ ಭಾವ, ಏನಾಗೋಯ್ತು!" ಎಂದು ಎದೆ ಬಡಿದುಕೊಂಡಳು. ಶಿವಮೂರ್ತಪ್ಪ ಬೂದಿಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ಬಾವಿಯ ಹಗ್ಗ, ಇನ್ನೊಂದರಲ್ಲಿ ಗೂಟದಲ್ಲುಳಿದ ಗಂಟಿನ ಗೇಣುದ್ದದ ತುಂಡು. ಎರಡನ್ನೂ ಪಕ್ಕಪಕ್ಕ ಹಿಡಿದು ಬೆಳಕಿಗೆ ತಿರುಗಿಸಿದ.

"ನೋಡ್ರಪ್ಪಾ," ಎಂದ ನೆರೆದವರಿಗೆ, ಮೆಲ್ಲಗೆ. "ಊರೋರ ಹಗ್ಗದ ಹುರಿಯೆಲ್ಲ ಬಲಕ್ಕೆ ತಿರುಗ್ತದೆ. ಇದೊಂದು ಎಡಕ್ಕೆ." ಎಲ್ಲರ ಕಣ್ಣೂ ಹೊಸ ಕುಡುಗೋಲಿನ ಮೇಲೆ, ಅದನ್ನು ಹಿಡಿದಿದ್ದ ತೀರ್ಥಮ್ಮನ ಎಡಗೈಯ ಮೇಲೆ ನಿಂತಿತು.