ಜಾಮೂನಿಗೆ ಗದ್ದಬಾವು

"ತಾತ, ಜಾಮೂನಿಗೆ ಏನೋ ಆಗೈತಿ, ನೋಡು ಬಾ."

ಹುಲಿಗಿ ಪಂಜರ ಹಿಡಿದು ಅಂಗಳಕ್ಕೆ ಓಡಿ ಬಂದಳು. ಒಳಗೆ ಅವಳ ಇಲಿಯಂಥ ಪುಟ್ಟ ಹ್ಯಾಮ್‌ಸ್ಟರ್ ಜಾಮೂನು ಮುದುರಿ ಕೂತಿತ್ತು. ಎರಡೂ ಕೆನ್ನೆ ಊದಿ, ಮುಖ ಮೈಗಿಂತ ದಪ್ಪವಾಗಿತ್ತು.

"ಅಲ್ಲೇ ನಿಂದ್ರು, ಕುರಿ ಹತ್ರ ತರಬ್ಯಾಡ," ಅಂತ ತಾತ ಪಾಲಯ್ಯ ಕುರಿರೊಪ್ಪದಿಂದ ಹೊರಗೆ ಬಂದ. ಗುಡೇಕೋಟೆಯಲ್ಲಿ ಯಾರ ಕುರಿಗೆ ಏನಾದರೂ ಮೊದಲು ಕರೆಯುವುದು ಅವನನ್ನೇ. ಬಗ್ಗಿ ನೋಡಿ ತಲೆ ಆಡಿಸಿದ.

"ಗದ್ದಬಾವು. ಹೊಟ್ಯಾಗ ಹುಳ ಆದ್ರ ಕುರಿಗೂ ಹಿಂಗ ಗದ್ದ ಊದತೈತಿ."

"ಸಾಯತೈತೇನು?"

"ಹೇಳಾಕ ಬರಲ್ಲ. ಆದ್ರ ರೋಗದ್ದು ಇಲ್ಲಿ ಇರಬಾರದು, ನಲವತ್ತು ಕುರಿ ಅದಾವು. ನಿಮ್ಮ ಮಾವ ಮೂರು ಗಂಟಿ ಬಸ್ಸಿಗೆ ದಾವಣಗೆರಿಗೆ ಹೊಂಟಾನ. ಅವನ ಕೈಯಾಗ ವಾಪಸ್ ಕಳಿಸು."

ಹುಲಿಗಿಗೆ ಅಳು ಒತ್ತಿ ಬಂತು. ಮಾವ ಅದನ್ನು ತಂದುಕೊಟ್ಟು ಹದಿನೈದು ದಿನವೂ ಆಗಿರಲಿಲ್ಲ. ಕ್ಲಾಸಿನವರೆಲ್ಲ "ಹೆಸರು ಹುಲಿಗಿ, ಸಾಕೋದು ಇಲಿ" ಅಂತ ರೇಗಿಸಿದರೂ, ಅವಳು ದಿನಾ ಮರದಪುಡಿ ಬದಲಿಸಿ, ಬಾಟಲಿಗೆ ನೀರು ತುಂಬಿ, ಸೂರ್ಯಕಾಂತಿ ಬೀಜ ಹಾಕುತ್ತಿದ್ದಳು.

ಅಜ್ಜಿ ಭರಮಮ್ಮ ಮಾತ್ರ ಪಂಜರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಮಂದಿ ಇಲಿ ಹಿಡಿಯಾಕ ಬೋನು ಇಡ್ತಾರ, ನಮ್ಮ ಮನ್ಯಾಗ ಇಲಿ ಸಾಕಾಕ ಬೋನು ಇಟ್ಟಾರ," ಅಂತ ದಿನವೂ ಗೊಣಗುತ್ತಿದ್ದಳು.

"ಹೋಗೋಕಿಂತ ಮೊದಲು ಒಂದು ಹನಿ ಬೇವಿನ ರಸ ಕುಡಿಸೋಣ," ಅಂದ ತಾತ. ಹುಲಿಗಿ ಮೂಗು ಒರೆಸಿಕೊಂಡು ಜಾಮೂನನ್ನು ಅಂಗೈಯಲ್ಲಿ ಹಿಡಿದಳು. ಕುರಿಯನ್ನು ಒತ್ತಿ ನೋಡುವಂತೆಯೇ ತಾತ ಅದರ ಗದ್ದವನ್ನು ಒಂದೇ ಬೆರಳಲ್ಲಿ ಮೆಲ್ಲಗೆ ಒತ್ತಿದ.

"ಬಾವು ಮೆತ್ತಗಿರತೈತಿ. ಇದು ಗಟ್ಟಿ ಐತಲ್ಲ?"

ಜಾಮೂನಿಗೆ ಅದು ಹಿಡಿಸಲಿಲ್ಲ. ಮುಂಗಾಲುಗಳಿಂದ ಕೆನ್ನೆ ತಳ್ಳಿಕೊಂಡಿತು. ಟಪ್ಪನೆ ಒಂದು ಶೇಂಗಾ ಬೇಳೆ ಅಂಗೈಗೆ ಬಿತ್ತು. ಮತ್ತೊಂದು ಬಿತ್ತು. ಆಮೇಲೆ ಸಾಲಾಗಿ ಐದಾರು ಬಿದ್ದು, ಮುಖ ಮೊದಲಿನಂತೆ ಸಣ್ಣದಾಯಿತು.

ತಾತ ಬಾಯಿ ತೆರೆದು ನೋಡಿದವನು, ನಗುತ್ತಾ ನೆಲಕ್ಕೇ ಕೂತುಬಿಟ್ಟ. "ಐವತ್ತು ವರ್ಷ ಕುರಿ ಕಾದೀನಿ. ಗದ್ದದಾಗ ಬುತ್ತಿ ಕಟ್ಟಿಕೊಳ್ಳೋ ರೋಗ ನೋಡಿದ್ದಿಲ್ಲ."

"ಮತ್ತ, ಮಾವನ ಕೂಡ ಕಳಿಸಬೇಕಾ?"

"ಯಾಕ ಕಳಿಸ್ತಿ? ಇರಲಿ ಬಿಡು."

ಹುಲಿಗಿ ಖುಷಿಯಿಂದ ಜಾಮೂನನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಅಂಗೈಯನ್ನು ನೋಡಿದಳು. ತಾನು ಶೇಂಗಾ ಹಾಕಿರಲಿಲ್ಲ. ಇವು ಹುರಿದ ಬೇಳೆ. ಕೆಂಪು ಸಿಪ್ಪೆ ಒಂಚೂರೂ ಉಳಿಯದಂತೆ ತಿಕ್ಕಿ, ಎರಡೆರಡು ಹೋಳು ಮಾಡಿದ್ದವು. ಮನೆಯಲ್ಲಿ ಅಷ್ಟು ತಾಳ್ಮೆಯಿಂದ ಶೇಂಗಾ ತಿಕ್ಕುವವಳು ಒಬ್ಬಳೇ.

ಹುಲಿಗಿ ಅಡುಗೆಮನೆ ಬಾಗಿಲ ಕಡೆ ನೋಡಿದಳು. ಅಜ್ಜಿ ಹೊಸ್ತಿಲಲ್ಲಿ ಕೂತು ಮೊರದಲ್ಲಿದ್ದ ಸಜ್ಜೆಯನ್ನು ಸುಮ್ಮನೆ ಕೆದಕುತ್ತಿದ್ದಳು.

"ನನ್ನ ಯಾಕ ನೋಡ್ತಿ? ನನಗೇನು ಗೊತ್ತು."

ಹುಲಿಗಿ ಜಾಮೂನನ್ನು ಒಳಗೆ ಬಿಟ್ಟು, ಪಂಜರವನ್ನು ಹೊಸ್ತಿಲ ಪಕ್ಕ, ಅಜ್ಜಿಯ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಇಟ್ಟಳು.